ಎರಡನೇ ಗಿರಾಕಿಯನ್ನು ಹೊರಗಟ್ಟುವ ಆಟ

2013ರ ಜೂನ್‌ನಲ್ಲಿ, ಲಾಸ್ ಏಂಜಲೀಸ್‌ನ ಇ3 ವಿಡಿಯೋ ಗೇಮ್ ಮೇಳದ ಹೊತ್ತಿಗೆ, ಸೋನಿ ಕಂಪನಿ ಒಂದು ಪುಟ್ಟ ವಿಡಿಯೋ ಬಿಟ್ಟಿತು. ಉದ್ದ 22 ಸೆಕೆಂಡು. ಪ್ಲೇಸ್ಟೇಷನ್ 4ರ ಗೇಮನ್ನು ಗೆಳೆಯರಿಗೆ ಕೊಡುವುದು ಹೇಗೆಂದು ಕಲಿಸುವ ಪಾಠದ ಧಾಟಿಯಲ್ಲಿ ಅದನ್ನು ಮಾಡಿದ್ದರು. ತೆರೆಯ ಮೇಲೆ 'ಹಂತ ಒಂದು' ಎಂದು ಬರುತ್ತದೆ. ಕಂಪನಿಯ ಹಿರಿಯರೊಬ್ಬರು ಗೇಮಿನ ಡಬ್ಬಿಯನ್ನು ಪಕ್ಕದವರ ಕೈಗೆ ಕೊಡುತ್ತಾರೆ. ಪಾಠ ಮುಗಿಯಿತು. ಹಂತ ಎರಡು ಇಲ್ಲವೇ ಇಲ್ಲ.

ಆ ನಗೆಚಾಟಿಕೆ ಯಾರ ಮೇಲೆ ಎಂದು ಎಲ್ಲರಿಗೂ ಗೊತ್ತಿತ್ತು. ಕೆಲವೇ ದಿನ ಮೊದಲು ಮೈಕ್ರೋಸಾಫ್ಟ್ ತನ್ನ ಎಕ್ಸ್‌ಬಾಕ್ಸ್ ಒನ್ ಯಂತ್ರದ ನಿಯಮಗಳನ್ನು ಹೇಳಿತ್ತು: ದಿನಕ್ಕೊಮ್ಮೆಯಾದರೂ ಇಂಟರ್ನೆಟ್ಟಿಗೆ ಹೋಗಿ ಹಾಜರಿ ಹಾಕಬೇಕು, ಹಾಕದಿದ್ದರೆ ಆಟ ನಡೆಯದು, ಡಿಸ್ಕನ್ನು ಇನ್ನೊಬ್ಬರಿಗೆ ಮಾರಲು ಬಿಡಬೇಕೋ ಬೇಡವೋ ಎಂಬುದು ಗೇಮ್ ಹೊರತಂದ ಪ್ರಕಾಶಕರಿಗೆ ಬಿಟ್ಟದ್ದು. ಆಟಗಾರರು ರೊಚ್ಚಿಗೆದ್ದರು. ಜೂನ್ 19ರಂದು ಮೈಕ್ರೋಸಾಫ್ಟ್ ನಿಯಮಗಳನ್ನು ನುಂಗಿಕೊಂಡಿತು. ಆ ಸುತ್ತನ್ನು ಸೋನಿ ಗೆದ್ದದ್ದು ಒಂದು ಪ್ಲಾಸ್ಟಿಕ್ ಡಬ್ಬಿಯನ್ನು ಕೈಯಿಂದ ಕೈಗೆ ದಾಟಿಸಿ.

ಅದೇ ಸೋನಿ 2024ರ ನವೆಂಬರ್ 7ರಂದು ಪ್ಲೇಸ್ಟೇಷನ್ 5 ಪ್ರೊ ಬಿಡುಗಡೆ ಮಾಡಿತು. ಕಂಪನಿಯ ಅತಿ ಶಕ್ತಿಶಾಲಿ ಯಂತ್ರ, ಅಮೆರಿಕದಲ್ಲಿ ಬೆಲೆ 699.99 ಡಾಲರ್. 2025ರ ಆಗಸ್ಟ್‌ನಲ್ಲಿ ಅದನ್ನು 749.99ಕ್ಕೆ ಏರಿಸಿದರು. ಅಷ್ಟು ದುಡ್ಡು ಕೊಟ್ಟರೂ ಯಂತ್ರಕ್ಕೆ ಡಿಸ್ಕ್ ಹಾಕುವ ಬಾಯೇ ಇಲ್ಲ. ಬೇಕಾದವರು 79.99 ಡಾಲರ್ ಕೊಟ್ಟು ಡಿಸ್ಕ್ ಡ್ರೈವನ್ನು ಬೇರೆ ಕೊಳ್ಳಬೇಕು. ಕೊಂಡು ಜೋಡಿಸಿದ ಮೇಲೂ ಒಮ್ಮೆ ಇಂಟರ್ನೆಟ್ಟಿಗೆ ಹೋಗಿ ಯಂತ್ರಕ್ಕೂ ಡ್ರೈವಿಗೂ ಗಂಟು ಹಾಕಿಸಬೇಕು. ಹಂತ ಎರಡು, ಹಂತ ಮೂರು ಎಲ್ಲ ಈಗ ಬಂದಿವೆ.

ಟಿವಿಗೆ ಸಿಕ್ಕಿಸಿ ಆಡುವ ಇಂಥ ಯಂತ್ರಗಳ, ಅಂದರೆ ಕನ್ಸೋಲ್‌ಗಳ ಲೋಕದಲ್ಲಿ ವಾರವಾರವೂ ಏನಾದರೊಂದು ಸುದ್ದಿ ಇರುತ್ತದೆ. ಬೆಲೆ ಏರಿತು, ಬಿಡುಗಡೆ ಮುಂದೂಡಿತು, ಸ್ಟುಡಿಯೋ ಮುಚ್ಚಿತು, ಸರ್ವರ್ ನಿಂತಿತು. ಈ ಬಿಡಿ ಸುದ್ದಿಗಳಲ್ಲಿ ಅರ್ಧದಷ್ಟನ್ನು ಪೋಣಿಸುವ ದಾರ ಒಂದಿದೆ, ಅದು ಡಿಸ್ಕ್ ಕಾಣೆಯಾಗುತ್ತಿರುವುದು. ಇದನ್ನು ಸಾಮಾನ್ಯವಾಗಿ ಹಳೆಯದರ ಮೇಲಿನ ಮೋಹದ ಮಾತಾಗಿ ಬರೆಯುತ್ತಾರೆ: ಕಪಾಟಿನಲ್ಲಿ ಸಾಲಾಗಿ ನಿಂತ ಡಬ್ಬಿಗಳ ಚಂದ, ಹೊಸ ಡಬ್ಬಿ ಬಿಚ್ಚಿದಾಗಿನ ವಾಸನೆ. ನನಗೆ ಅದರಲ್ಲಿ ಅಷ್ಟು ಆಸಕ್ತಿಯಿಲ್ಲ. ನನ್ನ ಲೆಕ್ಕ ದುಡ್ಡಿನದು. ಡಿಸ್ಕ್ ಹೋದರೆ ಮಾರುಕಟ್ಟೆಯಿಂದ ಒಬ್ಬ ವ್ಯಕ್ತಿ ಹೊರಬೀಳುತ್ತಾನೆ, ನಮ್ಮಿಂದ ಹಳೆಯ ಗೇಮ್ ಕೊಳ್ಳುವ ಎರಡನೇ ಗಿರಾಕಿ. ಅವನು ಹೋದಾಗ ಮೊದಲನೇ ಗಿರಾಕಿಯ ಜೇಬಿಗೂ ಕತ್ತರಿ ಬೀಳುತ್ತದೆ.

ಮೊದಲು ಡಿಸ್ಕ್ ಈಗ ಏನಾಗಿ ಉಳಿದಿದೆ ನೋಡೋಣ. ನಮ್ಮ ಕಡೆ ಹಳೇ ಟಿವಿ ಗೇಮಿನ ದಪ್ಪ ಹಳದಿ ತುಂಡನ್ನು 'ಕ್ಯಾಸೆಟ್' ಎನ್ನುತ್ತಿದ್ದೆವು, ಆಮೇಲೆ ಬಂದದ್ದೆಲ್ಲ 'ಸಿಡಿ'. ಮೊದಲ ಪ್ಲೇಸ್ಟೇಷನ್‌ನದು ನಿಜಕ್ಕೂ ಸಿಡಿಯೇ. ಎರಡನೆಯದರಲ್ಲಿ ಡಿವಿಡಿ ಬಂತು, ಮೂರನೆಯದರಲ್ಲಿ ಬ್ಲೂ-ರೇ. ಹೆಸರು ಮಾತ್ರ ಬದಲಾಗಲಿಲ್ಲ, ಅಂಗಡಿಯಲ್ಲಿ ಇವತ್ತಿಗೂ "ಸಿಡಿ ಇದೆಯಾ?" ಎಂದೇ ಕೇಳುವುದು. ಪ್ಲೇಸ್ಟೇಷನ್ 2ರ (ಪಿಎಸ್2) ಕಾಲದಲ್ಲಿ ಯಂತ್ರ ಆಟವನ್ನು ನೇರವಾಗಿ ಸಿಡಿಯಿಂದ ಓದುತ್ತಿತ್ತು. ಪಿಎಸ್4ರಿಂದ ಈಚೆಗೆ ಹಾಗಿಲ್ಲ. ಎಲ್ಲವನ್ನೂ ಮೊದಲು ಒಳಗಿನ ಡ್ರೈವಿಗೆ ಇಳಿಸಿಕೊಳ್ಳುತ್ತದೆ, ಏಕೆಂದರೆ ತಿರುಗುವ ತಟ್ಟೆಯಿಂದ ಓದುವ ವೇಗ ಇಂದಿನ ಆಟಗಳಿಗೆ ಸಾಲದು. ಇಳಿಸಿಕೊಂಡ ಮೇಲೂ ಆಡುವಾಗ ಸಿಡಿ ಒಳಗಿರಲೇಬೇಕು, ಆಗ ಅದರ ಕೆಲಸ ಸಾಕ್ಷಿ ಹೇಳುವುದಷ್ಟೇ. ಅಂದರೆ ಸಿಡಿ ಎರಡು ವಸ್ತುಗಳ ಜೋಡಿ: ಆಟದ ಸರಕನ್ನು ಹೊತ್ತು ತರುವ ಮೂಟೆ, ಮತ್ತು 'ಇವನಿಗೆ ಆಡಲು ಬಿಡಿ' ಎನ್ನುವ ಚೀಟಿ.

ಕಳೆದ ಕೆಲವು ವರ್ಷಗಳಲ್ಲಿ ಮೂಟೆ ಖಾಲಿಯಾಗುತ್ತಾ ಚೀಟಿಯೊಂದೇ ಉಳಿಯುತ್ತಿದೆ. 2022ರಲ್ಲಿ ಬಂದ 'ಕಾಲ್ ಆಫ್ ಡ್ಯೂಟಿ: ಮಾಡರ್ನ್ ವಾರ್‌ಫೇರ್ 2' ಗೇಮಿನ ಪಿಎಸ್5 ಡಿಸ್ಕಿನಲ್ಲಿದ್ದದ್ದು ಸುಮಾರು 70 ಎಂಬಿ. 2025ರ ಮೇ ತಿಂಗಳ 'ಡೂಮ್: ದಿ ಡಾರ್ಕ್ ಏಜಸ್' ಡಿಸ್ಕಿನಲ್ಲಿ ಸುಮಾರು 85 ಎಂಬಿ. ನೂರು ಜಿಬಿ ಹಿಡಿಸುವ ತಟ್ಟೆಯಲ್ಲಿ ಒಂದು ಗಿಗಾಬೈಟಿನ ಹತ್ತನೇ ಒಂದು ಭಾಗವೂ ಇಲ್ಲ! ಉಳಿದದ್ದೆಲ್ಲ ಡೌನ್‌ಲೋಡ್. ಅಕ್ಕಿಯಂಗಡಿಯಲ್ಲಿ ದುಡ್ಡು ಕೊಟ್ಟು ಖಾಲಿ ಗೋಣಿಚೀಲ ಮನೆಗೆ ತಂದಂತೆ. ಅಕ್ಕಿ ಆಮೇಲೆ ಗಾಡಿಯಲ್ಲಿ ಬರುತ್ತದಂತೆ, ಗಾಡಿ ಓಡುತ್ತಿರುವಷ್ಟು ದಿನ.

2025ರ ಜೂನ್ 5ಕ್ಕೆ ಬಿಡುಗಡೆಯಾದ ನಿಂಟೆಂಡೊ ಸ್ವಿಚ್ 2 ಇದನ್ನು ಮುಚ್ಚುಮರೆಯಿಲ್ಲದೆ ಮಾಡಿತು. 'ಗೇಮ್-ಕೀ ಕಾರ್ಡ್' ಎಂದೇ ಹೆಸರಿಟ್ಟಿತು. ನೋಡಲು ಮಾಮೂಲಿ ಕಾರ್ಡಿನಂತೆಯೇ ಇರುತ್ತದೆ, ಒಳಗೆ ಆಟ ಮಾತ್ರ ಇಲ್ಲ. ಯಂತ್ರಕ್ಕೆ ಸಿಕ್ಕಿಸಿ, ಇಂಟರ್ನೆಟ್ಟಿನಿಂದ ಇಳಿಸಿಕೊಂಡು, ಆಡುವಾಗ ಪ್ರತಿ ಸಲ ಕಾರ್ಡನ್ನು ಒಳಗಿಡಬೇಕು. ಬಹಳ ಮಂದಿ ಬೈದರು. ಆದರೆ ಪ್ರಕಾಶಕರ ಕಡೆಯ ಲೆಕ್ಕವೂ ಇದೆ. ಬ್ಲೂ-ರೇ ತಟ್ಟೆ ಒತ್ತುವುದು ಅಗ್ಗದ ಕೆಲಸ. ಸ್ವಿಚ್ ಕಾರ್ಡ್ ಹಾಗಲ್ಲ, ಅದರೊಳಗಿರುವುದು ಮೆಮೊರಿ ಚಿಪ್, ಜಾಗ ಹೆಚ್ಚಿದಂತೆ ಖರ್ಚೂ ಹೆಚ್ಚುತ್ತದೆ. ಆದರೂ 'ಸೈಬರ್‌ಪಂಕ್ 2077'ನಂಥ ಭಾರೀ ಆಟವನ್ನು ಪೋಲೆಂಡಿನ ಅದರ ತಯಾರಕರು 64 ಜಿಬಿ ಕಾರ್ಡಿಗೆ ಪೂರ್ತಿ ತುಂಬಿಸಿಯೇ ಕೊಟ್ಟರು. ಮನಸ್ಸಿದ್ದರೆ ಆಗುತ್ತದೆ ಎನ್ನುವುದಕ್ಕೆ ಅದೊಂದು ಸಾಕ್ಷಿ.

ನನ್ನ ಮಟ್ಟಿಗೆ ಕೀ ಕಾರ್ಡ್ ಬೈಯ್ಯುವುದಕ್ಕಿಂತ ಯೋಚಿಸಲು ಹೆಚ್ಚು ಯೋಗ್ಯವಾದ ವಸ್ತು. ಡಿಸ್ಕಿನಲ್ಲಿ ಒಂದಾಗಿ ಬೆರೆತಿದ್ದ ಎರಡು ಗುಣಗಳನ್ನು ಅದು ಬಿಡಿಸಿ ತೋರಿಸುತ್ತದೆ. ಒಂದು, ಕಂಪನಿ ಕೈಬಿಟ್ಟರೂ ಆಟ ನಮ್ಮ ಬಳಿ ಉಳಿಯುವುದು. ಇನ್ನೊಂದು, ಅದನ್ನು ಬೇರೆಯವರಿಗೆ ದಾಟಿಸುವ ಹಕ್ಕು. ಕೀ ಕಾರ್ಡಿನಲ್ಲಿ ಮೊದಲನೆಯದು ಇಲ್ಲ, ನಿಂಟೆಂಡೊ ಸರ್ವರ್ ನಿಂತ ಮೇಲೆ ಹೊಸದಾಗಿ ಇಳಿಸಿಕೊಳ್ಳುವವರಿಗೆ ಅದು ಬರೀ ಪ್ಲಾಸ್ಟಿಕ್. ಎರಡನೆಯದು ಪೂರ್ತಿ ಇದೆ: ಮಾರಬಹುದು, ತಮ್ಮನಿಗೆ ಕೊಡಬಹುದು, ಸಾಲ ಕೊಟ್ಟು ಮರೆತೂ ಬಿಡಬಹುದು. ಯಂತ್ರದ ತೆರೆಯ ಮೇಲಿನ ಅಂಗಡಿಯಲ್ಲಿ ಕೊಂಡು ನೇರ ಇಳಿಸಿಕೊಳ್ಳುವ ಡಿಜಿಟಲ್ ಗೇಮಿಗೆ ಎರಡೂ ಇಲ್ಲ.

ಉಳಿಯುವ ಗುಣದ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ದಾಟುವ ಗುಣದ ಬಗ್ಗೆ ಕಡಿಮೆ. ಅದಕ್ಕೇ ಅದನ್ನು ಮೊದಲು ಹಿಡಿಯುತ್ತೇನೆ.

ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹಳೇ ಪಠ್ಯಪುಸ್ತಕ ಕೊಂಡು ಓದಿದವರಿಗೆ ಈ ಅರ್ಥಶಾಸ್ತ್ರ ಹೇಳಿಕೊಡಬೇಕಾಗಿಲ್ಲ. ಎಂಜಿನಿಯರಿಂಗ್ ಪುಸ್ತಕವನ್ನು ಸೆಮಿಸ್ಟರ್ ಮುಗಿದ ಮೇಲೆ ಅಲ್ಲೇ ವಾಪಸ್ ಮಾರುತ್ತೇವೆ ಎಂದು ಗೊತ್ತಿದ್ದರೆ ಹೊಸದನ್ನು ಕೊಳ್ಳಲು ಧೈರ್ಯ ಬರುತ್ತದೆ. ಪಿಎಸ್5 ಬಂದಾಗ ಭಾರತದಲ್ಲಿ ಸೋನಿಯ ದೊಡ್ಡ ಆಟಗಳ ಬೆಲೆ 4,999 ರೂಪಾಯಿ ಆಯಿತು. ಮಾತಿಗೆ ಹೇಳುತ್ತೇನೆ, ಅಂಥ ಒಂದು ಸಿಡಿ ಕೊಂಡು ಮೂರು ವಾರದಲ್ಲಿ ಮುಗಿಸಿ 3,000ಕ್ಕೆ ಮಾರಿದರೆ ನಿಮಗೆ ಆಟ ಬಿದ್ದದ್ದು ಎರಡು ಸಾವಿರಕ್ಕೆ. ಕೊಂಡವನಿಗೆ ಮೂರು ಸಾವಿರಕ್ಕೆ. ಅವನೂ ಮುಗಿಸಿ ಎರಡಕ್ಕೆ ಮಾರಿದರೆ ಅವನಿಗೆ ಒಂದೇ ಸಾವಿರ. ಮೂರನೆಯವನು ಬಹುಶಃ ಪಿಯುಸಿ ಹುಡುಗ, ಅವನ ಹತ್ತಿರ ಇದ್ದದ್ದೇ ಎರಡು ಸಾವಿರ. ಒಂದೇ ಸಿಡಿ ಮೂರು ಮನೆ ಸುತ್ತಿತು. ಇದರಲ್ಲಿ ಕಂಪನಿಗೆ ಹೋದದ್ದು ಒಂದೇ ಸಲದ 4,999, ನಿಜ. ಆದರೆ ಆ 4,999 ಹುಟ್ಟಿದ್ದೇ ಹಿಂದೆ ಇಬ್ಬರು ಕಾದಿದ್ದಾರೆ ಎಂಬ ನಂಬಿಕೆಯ ಮೇಲೆ.

ಕಂಪನಿಗಳು ಈ ಎರಡನೇ ಭಾಗವನ್ನು ಒಪ್ಪುವುದಿಲ್ಲ. ಸೆಕೆಂಡ್ ಹ್ಯಾಂಡ್ ಮಾರಾಟದಲ್ಲಿ ತಮಗೆ ಚಿಕ್ಕಾಸೂ ಬರುವುದಿಲ್ಲ ಎಂಬ ಅಸಮಾಧಾನ ಅವರದು, ಅದು ಹಳೆಯದು. 2010ರಲ್ಲಿ ಇಎ ಎಂಬ ಗೇಮ್ ಕಂಪನಿ 'ಆನ್‌ಲೈನ್ ಪಾಸ್' ತಂದಿತ್ತು. ಹೊಸ ಡಬ್ಬಿಯಲ್ಲಿ ಒಂದೇ ಸಲ ಬಳಸಬಹುದಾದ ಕೋಡ್, ಹಳೇ ಡಿಸ್ಕ್ ಕೊಂಡವರು ಆನ್‌ಲೈನ್ ಆಡಬೇಕೆಂದರೆ ಸುಮಾರು ಹತ್ತು ಡಾಲರ್ ಬೇರೆ ತೆರಬೇಕು. ಬೈಗುಳ ತಿಂದು 2013ರಲ್ಲಿ ಕೈಬಿಟ್ಟರು. ಪುಸ್ತಕದವರೂ ಇದನ್ನು ಮಾಡಿ ನೋಡಿದ್ದಾರೆ. ಅಮೆರಿಕದ ಪ್ರಕಾಶಕರೊಬ್ಬರು ಕಾದಂಬರಿಯೊಂದರ ಒಳಪುಟದಲ್ಲಿ 'ಒಂದು ಡಾಲರ್‌ಗಿಂತ ಕಡಿಮೆಗೆ ಮಾರುವಂತಿಲ್ಲ' ಎಂದು ಅಚ್ಚು ಹಾಕಿಸಿದ್ದರು. ಮೇಸಿ ಅಂಗಡಿಯವರು 89 ಸೆಂಟಿಗೆ ಮಾರಿದರು. 1908ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅಂಗಡಿಯವರ ಪರ ನಿಂತಿತು: ಒಮ್ಮೆ ಮಾರಿದ ಪ್ರತಿಯ ಮುಂದಿನ ಬೆಲೆ ಕಟ್ಟುವ ಹಕ್ಕು ಪ್ರಕಾಶಕರಿಗೆ ಉಳಿಯುವುದಿಲ್ಲ. ನೂರು ವರ್ಷ ವಾದ ಮಾಡಿ ಗೆಲ್ಲಲಾಗದ್ದನ್ನು ಡಿಸ್ಕ್ ಹಾಕುವ ಬಾಯಿ ಹೊಲಿದು ಈಗ ಸದ್ದಿಲ್ಲದೆ ಗೆಲ್ಲುತ್ತಿದ್ದಾರೆ. ಪ್ರತಿಯೇ ಇಲ್ಲದಿದ್ದರೆ ಪ್ರತಿಯ ಮೇಲಿನ ಹಕ್ಕು ಎಲ್ಲಿಂದ ಬರಬೇಕು?

ಎರಡನೇ ಗಿರಾಕಿ ಹೋದ ಮೇಲೆ ಅಂಗಡಿಗಳೂ ಹೋಗುತ್ತವೆ. ಇದು ಕನ್ಸೋಲಿಗೇ ವಿಶೇಷವಾದ ತೊಂದರೆ. ಕಂಪ್ಯೂಟರಿನಲ್ಲಿ ಆಡುವವರಿಗೆ ಸ್ಟೀಮ್ ಇದೆ, ಎಪಿಕ್ ಇದೆ, ಜಿಒಜಿ ಇದೆ, ಒಂದೇ ಗೇಮನ್ನು ನಾಲ್ಕು ಕಡೆ ವಿಚಾರಿಸಬಹುದು. ಪ್ಲೇಸ್ಟೇಷನ್‌ನಲ್ಲಿ ಡಿಜಿಟಲ್ ಗೇಮ್ ಬೇಕೆಂದರೆ ಸೋನಿಯ ಅಂಗಡಿ ಒಂದೇ. ಮೊದಲು ಅಮೆಜಾನ್‌ನಂಥವರು ಪೂರ್ಣ ಗೇಮಿನ ಡೌನ್‌ಲೋಡ್ ಕೋಡುಗಳನ್ನು ಮಾರುತ್ತಿದ್ದರು; 2019ರ ಏಪ್ರಿಲ್ 1ರಿಂದ ಸೋನಿ ಅದನ್ನು ನಿಲ್ಲಿಸಿತು. ಅಂಗಡಿಯಲ್ಲಿ ಮಾರಾಟವಾದದ್ದರಲ್ಲಿ 30 ಪ್ರತಿಶತ ಸೋನಿಯ ಪಾಲು. ಇದರಿಂದ ಗ್ರಾಹಕರಿಗೆ ಹೆಚ್ಚು ಬೆಲೆ ಬಿದ್ದಿದೆ ಎಂದು 2022ರ ಆಗಸ್ಟ್‌ನಲ್ಲಿ ಬ್ರಿಟನ್ನಿನ ಸ್ಪರ್ಧಾ ನ್ಯಾಯಮಂಡಳಿಯಲ್ಲಿ 500 ಕೋಟಿ ಪೌಂಡ್‌ವರೆಗಿನ ಪರಿಹಾರ ಕೇಳಿ ಸಾಮೂಹಿಕ ದಾವೆ ಹೂಡಿದರು. ಸೋನಿ ಆರೋಪವನ್ನು ಒಪ್ಪಿಲ್ಲ. ಡಿಸ್ಕ್ ಬೇಕಾದವರಿಗೆ ಡಿಸ್ಕ್ ಇದೆಯಲ್ಲ ಎಂಬ ಮಾತಿಗೆ ಒಂದಷ್ಟು ತೂಕ ಇರುವುದೂ ಡಿಸ್ಕ್ ಇರುವ ತನಕ ಮಾತ್ರ. ಸೋನಿಯೇ ಪ್ರಕಟಿಸುವ ಲೆಕ್ಕದಲ್ಲಿ 2024-25ರ ಹಣಕಾಸು ವರ್ಷದಲ್ಲಿ ಅದರ ಯಂತ್ರಗಳಿಗೆ ಮಾರಾಟವಾದ ಪೂರ್ಣ ಆಟಗಳಲ್ಲಿ ನಾಲ್ಕಕ್ಕೆ ಮೂರು ಡಿಜಿಟಲ್.

ಆನ್‌ಲೈನ್ ಅಂಗಡಿಯಲ್ಲೂ ರಿಯಾಯಿತಿ ಇರುತ್ತದೆ, ಕೆಲವೊಮ್ಮೆ ಮೂರು ವರ್ಷ ಹಳೆಯ ಗೇಮ್ ಕಾಲು ಬೆಲೆಗೆ ಸಿಗುತ್ತದೆ. ಸುಳ್ಳಲ್ಲ, ನಾನೂ ಹಾಗೆ ಕೊಂಡದ್ದುಂಟು. ಆದರೆ ಅದು ಒಡೆಯ ಕೊಟ್ಟಾಗ ಸಿಗುವ ರಿಯಾಯಿತಿ. ಅವನು ಕೊಡದಿದ್ದರೆ ಪಕ್ಕದ ಅಂಗಡಿಗೆ ಹೋಗುತ್ತೇನೆ ಎನ್ನುವಂತಿಲ್ಲ.

ಇನ್ನು ಇದರೊಳಗಿನ ಚೋದ್ಯ ಕೇಳಿ. 2013ರಲ್ಲಿ ಎಲ್ಲರೂ ಸೇರಿ ಓಡಿಸಿದ ಮೈಕ್ರೋಸಾಫ್ಟಿನ ಯೋಜನೆಯಲ್ಲಿ ಒಂದು ಒಳ್ಳೆಯ ತುಂಡೂ ಇತ್ತು. ನಿಮ್ಮ ಗೇಮುಗಳ ಸಂಗ್ರಹವನ್ನು ಕುಟುಂಬದ ಹತ್ತು ಮಂದಿಯವರೆಗೆ ಹಂಚಿಕೊಳ್ಳಬಹುದಿತ್ತು. ಗೇಮೊಂದನ್ನು ಒಂದು ಸಲ ಗೆಳೆಯರಿಗೆ ದಾಟಿಸಬಹುದಿತ್ತು. ಒಪ್ಪಂದ ಮಾಡಿಕೊಂಡ ಅಂಗಡಿಗಳಲ್ಲಿ ವಾಪಸ್ ಮಾರುವ ದಾರಿಯೂ ಇತ್ತು. ನಿಯಮಗಳನ್ನು ವಾಪಸ್ ಪಡೆದಾಗ ಇದನ್ನೂ ಜೊತೆಗೇ ಎತ್ತಿಕೊಂಡು ಹೋದರು. ನಂತರದ ವರ್ಷಗಳಲ್ಲಿ ನಿರ್ಬಂಧಗಳು ಹಿಂಬಾಗಿಲಿನಿಂದ ಒಂದೊಂದಾಗಿ ಒಳಬಂದವು, ಆ ಸೌಲಭ್ಯಗಳು ಬರಲೇ ಇಲ್ಲ. ನಾವು ಬೀದಿಗಿಳಿದು ಗೆದ್ದ ಯುದ್ಧದಲ್ಲಿ ಸಿಕ್ಕ ಬಹುಮಾನ ಇದು.

ಹಾಗಾದರೆ ಡಿಜಿಟಲ್ ಗೇಮನ್ನು ದಾಟಿಸುವುದು ತಾಂತ್ರಿಕವಾಗಿ ಕಷ್ಟವೇ? ಅಲ್ಲ. ನಿಂಟೆಂಡೊ 2025ರ ಏಪ್ರಿಲ್ ಕೊನೆಯಲ್ಲಿ 'ವರ್ಚುವಲ್ ಗೇಮ್ ಕಾರ್ಡ್' ಎಂಬ ವ್ಯವಸ್ಥೆ ತಂದಿತು. ಡಿಜಿಟಲ್ ಗೇಮನ್ನು ಒಂದು ಯಂತ್ರದಿಂದ 'ಹೊರತೆಗೆದು' ಇನ್ನೊಂದಕ್ಕೆ 'ಹಾಕಬಹುದು', ಕುಟುಂಬದ ಗುಂಪಿನಲ್ಲಿರುವವರಿಗೆ ಎರಡು ವಾರದ ಮಟ್ಟಿಗೆ ಸಾಲ ಕೊಡಬಹುದು. ಅವಧಿ ಮುಗಿದರೆ ತಾನಾಗಿ ವಾಪಸ್. ಮನೆಯೊಳಗೆ ಹದಿನಾಲ್ಕು ದಿನಕ್ಕೆ ದಾಟಿಸಬಹುದಾದದ್ದನ್ನು ಮನೆಯಾಚೆಗೆ ಶಾಶ್ವತವಾಗಿ ದಾಟಿಸಲು ಬಿಡದಿರುವುದು ವ್ಯಾಪಾರದ ತೀರ್ಮಾನ, ಅದರಲ್ಲಿ ಎಂಜಿನಿಯರುಗಳ ಪಾತ್ರ ಏನೂ ಇಲ್ಲ.

ನ್ಯಾಯಾಲಯಗಳಲ್ಲೂ ಇದು ತಿರುಗಾಡಿದೆ. ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2012ರಲ್ಲಿ ಸಾಫ್ಟ್‌ವೇರ್ ಕಂಪನಿ ಒರಾಕಲ್‌ನ ಪ್ರಕರಣದಲ್ಲಿ, ಡೌನ್‌ಲೋಡ್ ಮಾಡಿದ ಸಾಫ್ಟ್‌ವೇರಿನ ಪರವಾನಗಿಯನ್ನು ಮರುಮಾರಾಟ ಮಾಡಬಹುದು ಎಂದಿತು. ಅದನ್ನು ಹಿಡಿದು ಫ್ರಾನ್ಸಿನ ಗ್ರಾಹಕರ ಸಂಘವೊಂದು ಸ್ಟೀಮ್ ನಡೆಸುವ ವಾಲ್ವ್ ಕಂಪನಿಯ ಮೇಲೆ ಹೋಯಿತು. 2019ರಲ್ಲಿ ಪ್ಯಾರಿಸ್ಸಿನ ಕೋರ್ಟಿನಲ್ಲಿ ಗೆದ್ದಿತು, 2022ರಲ್ಲಿ ಮೇಲ್ಮನವಿಯಲ್ಲಿ ಸೋತಿತು. ಗೇಮ್ ಎಂದರೆ ಬರೀ ಸಾಫ್ಟ್‌ವೇರ್ ಅಲ್ಲ, ಅದರಲ್ಲಿ ಚಿತ್ರ, ಸಂಗೀತ, ಕಥೆ ಎಲ್ಲ ಸೇರಿದೆ, ಆದ್ದರಿಂದ ಆ ನಿಯಮ ಇದಕ್ಕೆ ಹೊಂದದು ಎಂಬುದು ವಾದ. ಚಂದವಾಗಿದ್ದಷ್ಟೂ ಹಕ್ಕು ಕಡಿಮೆ ಎಂದಾಯಿತು.

ಈಗ ಉಳಿಯುವ ಗುಣಕ್ಕೆ ಬರೋಣ. ಇಲ್ಲಿ ಹೇಳಲೇಬೇಕಾದ ಹೆಸರು 'ದಿ ಕ್ರೂ'. ಯೂಬಿಸಾಫ್ಟ್ 2014ರಲ್ಲಿ ಹೊರತಂದ ಕಾರ್ ಓಟದ ಆಟ. ಅಮೆರಿಕ ಇಡೀ ದೇಶವನ್ನು ಕುಗ್ಗಿಸಿ ಒಂದು ನಕ್ಷೆಯಲ್ಲಿ ಹಾಕಿದ್ದರು, ಒಬ್ಬರೇ ಕೂತು ಗಂಟೆಗಟ್ಟಲೆ ಸುತ್ತಬಹುದಿತ್ತು. ಆದರೆ ಒಬ್ಬರೇ ಆಡಿದರೂ ಸರ್ವರ್ ಬೇಕಿತ್ತು. 2024ರ ಮಾರ್ಚ್ 31ರಂದು ಸರ್ವರ್ ನಿಲ್ಲಿಸಿದರು. ಅದಾದ ಮೇಲೆ ಕೆಲವರ ಖಾತೆಗಳಿಂದ ಪರವಾನಗಿಯನ್ನೇ ತೆಗೆದರು. ಡಿಸ್ಕ್ ಇಟ್ಟುಕೊಂಡವರಿಗೂ ಏನೂ ದಕ್ಕಲಿಲ್ಲ. ಇದೊಂದು ಕಹಿ ಪಾಠ: ಡಿಸ್ಕ್ ಇದ್ದ ಮಾತ್ರಕ್ಕೆ ಆಟ ಉಳಿಯುತ್ತದೆ ಎನ್ನುವಂತಿಲ್ಲ. ಸೋನಿಯದೇ 'ಕಾಂಕಾರ್ಡ್' 2024ರ ಆಗಸ್ಟ್ 23ಕ್ಕೆ ಬಂದು ಸೆಪ್ಟೆಂಬರ್ 6ಕ್ಕೆ ನಿಂತಿತು, ಪೂರಾ ಎರಡು ವಾರ. ದುಡ್ಡು ವಾಪಸ್ ಕೊಟ್ಟರು, ಅದನ್ನು ಮೆಚ್ಚಬೇಕು. ಅದರ ಡಿಸ್ಕ್ ಇಟ್ಟುಕೊಂಡವರು ಈಗ ಅದರ ಮೇಲೆ ಕಾಫಿ ಲೋಟ ಇಡಬಹುದು.

'ದಿ ಕ್ರೂ' ಮುಚ್ಚಿದ ಸಿಟ್ಟಿನಿಂದ ಹುಟ್ಟಿದ್ದು 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಚಳವಳಿ. 2024ರ ಏಪ್ರಿಲ್‌ನಲ್ಲಿ ಯೂಟ್ಯೂಬ್‌ನ ವಿಡಿಯೋಕಾರ ರಾಸ್ ಸ್ಕಾಟ್ ಇದನ್ನು ಶುರು ಮಾಡಿದರು. ಯುರೋಪಿಯನ್ ಒಕ್ಕೂಟದಲ್ಲಿ ನಾಗರಿಕರು ಹತ್ತು ಲಕ್ಷ ಸಹಿ ಒಟ್ಟು ಮಾಡಿದರೆ ಅದರ ಆಡಳಿತ ನಡೆಸುವ ಆಯೋಗ ಉತ್ತರ ಕೊಡಲೇಬೇಕೆಂಬ ವ್ಯವಸ್ಥೆ ಇದೆ. ಒಂದು ವರ್ಷ ಕುಂಟುತ್ತಾ ಸಾಗಿದ ಸಹಿ ಅಭಿಯಾನ 2025ರ ಜೂನ್ ಕೊನೆಯಲ್ಲಿ ಒಮ್ಮೆಲೇ ಎದ್ದು ಜುಲೈ 3ರಂದು ಹತ್ತು ಲಕ್ಷ ದಾಟಿತು. ಅವರ ಬೇಡಿಕೆಯನ್ನು ಕಂಪನಿಗಳ ಪರ ಮಾತಾಡುವವರು ಬೇಕೆಂದೇ ಊದಿಸಿ ಹೇಳುತ್ತಾರೆ. ಸರ್ವರನ್ನು ನೂರು ವರ್ಷ ನಡೆಸಿ ಎಂದು ಯಾರೂ ಕೇಳಿಲ್ಲ. ನಿಲ್ಲಿಸುವ ಮೊದಲು, ದುಡ್ಡು ಕೊಟ್ಟವರು ತಮ್ಮ ಪಾಡಿಗೆ ಆಡಿಕೊಳ್ಳುವ ಸ್ಥಿತಿಯಲ್ಲಿ ಆಟವನ್ನು ಬಿಟ್ಟು ಹೋಗಿ ಎಂದಷ್ಟೇ ಕೇಳಿರುವುದು. ಬಾಡಿಗೆ ಮನೆ ಬಿಡುವಾಗ ನಲ್ಲಿ ಕಿತ್ತುಕೊಂಡು ಹೋಗಬೇಡಿ ಎಂದ ಹಾಗೆ. ಉದ್ಯಮದ ಒಕ್ಕೂಟ ಇದರಿಂದ ಗೇಮ್ ತಯಾರಿಕೆ ವಿಪರೀತ ದುಬಾರಿಯಾಗುತ್ತದೆ ಎಂದಿದೆ. ಆದರೆ ಗದ್ದಲ ಆದ ಮೇಲೆ ಇದೇ ಯೂಬಿಸಾಫ್ಟ್ 'ದಿ ಕ್ರೂ 2'ಕ್ಕೆ ಇಂಟರ್ನೆಟ್ ಇಲ್ಲದೆ ಆಡುವ ದಾರಿ ಮಾಡಿಕೊಡುತ್ತೇವೆ ಎಂದು 2024ರ ಸೆಪ್ಟೆಂಬರ್‌ನಲ್ಲಿ ಹೇಳಿತು. ಆಗದ ಕೆಲಸವಾಗಿದ್ದರೆ ಹೀಗೆ ಹೇಳುತ್ತಿತ್ತೇ?

ಕ್ಯಾಲಿಫೋರ್ನಿಯಾ ಬೇರೊಂದು ತುದಿ ಹಿಡಿಯಿತು. ಅಲ್ಲಿ 2025ರ ಜನವರಿ 1ರಿಂದ ಜಾರಿಯಲ್ಲಿರುವ ಕಾಯ್ದೆಯ ಪ್ರಕಾರ, ಡಿಜಿಟಲ್ ಸರಕು ಮಾರುವವರು 'ಕೊಳ್ಳಿ' ಎಂಬ ಪದವನ್ನು ಬೇಕಾಬಿಟ್ಟಿ ಬಳಸುವಂತಿಲ್ಲ. ಸಿಗುವುದು ಪರವಾನಗಿ ಮಾತ್ರ ಎಂದು ಸ್ಪಷ್ಟವಾಗಿ ಹೇಳಬೇಕು. ಪೂರ್ತಿ ಇಳಿಸಿಕೊಂಡು ಇಂಟರ್ನೆಟ್ ಇಲ್ಲದೆ ಶಾಶ್ವತವಾಗಿ ಬಳಸಬಹುದಾದ ಸರಕಿಗೆ ವಿನಾಯಿತಿ. ಈ ಕಾಯ್ದೆ ಯಾವ ಗೇಮನ್ನೂ ಉಳಿಸುವುದಿಲ್ಲ, ಅಂಗಡಿಯವನು ಸುಳ್ಳು ಹೇಳಬಾರದು ಎನ್ನುತ್ತದೆ, ಅಷ್ಟೇ. ಅಷ್ಟಕ್ಕೇ ಒಂದು ಕಾಯ್ದೆ ಬೇಕಾಯಿತು.

ಭಾರತದಲ್ಲಿ ಇಂಥ ಚರ್ಚೆ ಹತ್ತಿರಕ್ಕೂ ಬಂದಿಲ್ಲ. ನಮ್ಮ ಪತ್ರಿಕೆಗಳಲ್ಲಿ 'ಆನ್‌ಲೈನ್ ಗೇಮ್' ಎಂದರೆ ರಮ್ಮಿ. 2025ರ ಆಗಸ್ಟ್‌ನಲ್ಲಿ ಸಂಸತ್ತು ದುಡ್ಡು ಕಟ್ಟಿ ಆಡುವ ಆಟಗಳನ್ನು ನಿಷೇಧಿಸುವ ಕಾಯ್ದೆ ತಂದಾಗ ನನಗೆ ಇಬ್ಬರು ನೆಂಟರು ಫೋನ್ ಮಾಡಿ "ನಿನ್ನ ಪ್ಲೇಸ್ಟೇಷನ್ ಇನ್ನು ಬಂದ್ ಅಲ್ವಾ?" ಎಂದು ಕೇಳಿದರು. ಕನ್ಸೋಲ್ ಆಡುವವರು ಕಾನೂನಿನ ಕಣ್ಣಿಗೆ ಬೀಳುವಷ್ಟು ದೊಡ್ಡ ಗುಂಪಲ್ಲ, ಅದೇ ಸದ್ಯದ ಭಾಗ್ಯ ಮತ್ತು ದೌರ್ಭಾಗ್ಯ. ಪಿಎಸ್5 ಪ್ರೊ ಬಿಡುಗಡೆಯ ಹೊತ್ತಿನಲ್ಲಿ ಭಾರತದ ಪಟ್ಟಿಯಲ್ಲೇ ಇರಲಿಲ್ಲ. ಅದರ ವೈಫೈ ಬಳಸುವ 6 ಗಿಗಾಹರ್ಟ್ಸ್ ತರಂಗಕ್ಕೆ ಇಲ್ಲಿ ಆಗ ಅನುಮತಿ ಇರಲಿಲ್ಲ ಎಂಬ ಕಾರಣಕ್ಕೆ. ನಿಂಟೆಂಡೊವಂತೂ ಇಲ್ಲಿ ಅಧಿಕೃತವಾಗಿ ಅಂಗಡಿ ತೆರೆದೇ ಇಲ್ಲ. ಸ್ವಿಚ್ ಬೇಕಾದವರು ದುಬೈಯಿಂದ ಬರುವ ಭಾವನಿಗೆ ಹೇಳಿಟ್ಟಿರಬೇಕು, ಇಲ್ಲವೇ ಹೊರಗಿನಿಂದ ತರಿಸಿ ಮಾರುವ ಅಂಗಡಿಯವರು ಹೇಳಿದ ಬೆಲೆ ತೆರಬೇಕು.

ಹೀಗಿರುವ ಕಡೆ ಸೆಕೆಂಡ್ ಹ್ಯಾಂಡ್ ಡಿಸ್ಕಿನ ಮಹತ್ವ ಅಮೆರಿಕಕ್ಕಿಂತ ಹೆಚ್ಚು. ಪಿಎಸ್5 ಇಲ್ಲಿಗೆ ಬಂದದ್ದು 2021ರ ಫೆಬ್ರವರಿ 2ರಂದು, ಡಿಸ್ಕ್ ಇರುವುದು 49,990, ಇಲ್ಲದ್ದು 39,990. ಹತ್ತು ಸಾವಿರ ಉಳಿಯಿತು ಎಂದು ಅನೇಕರು ಎರಡನೆಯದಕ್ಕೆ ಹೋದರು. ಒಂದು ಗೇಮ್ ಮಾರಿದಾಗ ಎರಡು ಸಾವಿರ ವಾಪಸ್ ಬಂದರೂ ಐದು ಗೇಮಿಗೆ ಆ ಉಳಿತಾಯ ಕರಗಿ ಹೋಗುತ್ತದೆ, ಆರನೆಯದರಿಂದ ನಷ್ಟ ಶುರು. ವರ್ಷಕ್ಕೆ ಒಂದೆರಡು ಗೇಮ್ ಆಡುವವರಿಗೆ, ಫ್ರೀ ಆಟಗಳಲ್ಲೇ ಇರುವವರಿಗೆ ಡಿಸ್ಕ್ ಇಲ್ಲದ್ದೇ ಸರಿ. ಮಿಕ್ಕವರು ಈ ಲೆಕ್ಕವನ್ನು ಕೊಳ್ಳುವ ಮೊದಲೇ ಹಾಕಬೇಕಿತ್ತು.

ಡೌನ್‌ಲೋಡಿನದ್ದು ಇನ್ನೊಂದು ಲೆಕ್ಕ. 100 ಜಿಬಿಯ ಆಟ 40 ಎಂಬಿಪಿಎಸ್ ಸಂಪರ್ಕದಲ್ಲಿ ಇಳಿಯಲು ಐದೂವರೆ ಗಂಟೆ ಬೇಕು. ಬೆಂಗಳೂರಿನ ಫೈಬರ್ ಮನೆಯಲ್ಲಿ ರಾತ್ರಿ ಹಾಕಿ ಮಲಗಿದರೆ ಬೆಳಿಗ್ಗೆ ಸಿದ್ಧ. ಫೈಬರ್ ಮುಟ್ಟದ ಊರಲ್ಲಿ ದಿನಕ್ಕೆ 2 ಜಿಬಿಯ ಮೊಬೈಲ್ ಪ್ಯಾಕಿನಿಂದ ಇಳಿಸಬೇಕೆಂದರೆ 50 ದಿನ, ಅದೂ ಮನೆಯಲ್ಲಿ ಬೇರೆ ಯಾರೂ ಒಂದು ರೀಲ್ಸ್ ನೋಡದಿದ್ದರೆ. ಅದೇ ಊರಿಗೆ ಸಿಡಿ ಬಸ್ಸಿನ ಡ್ರೈವರ್ ಕೈಯಲ್ಲಿ ಒಂದೇ ರಾತ್ರಿಗೆ ತಲುಪುತ್ತದೆ. ತಲುಪಿದ ಸಿಡಿಯಲ್ಲಿ 85 ಎಂಬಿ ಇದ್ದರೆ ಮಾತ್ರ ಕತೆ ಬೇರೆ.

ಡಿಜಿಟಲ್‌ನಿಂದ ಆದ ಉಪಕಾರವನ್ನು ಮರೆತು ಮಾತಾಡಿದರೆ ಅದು ಅನ್ಯಾಯ. ಆಸ್ಟ್ರೇಲಿಯಾದ ಅಡಿಲೇಡ್‌ನ ಪುಟ್ಟ ತಂಡವೊಂದು ವರ್ಷಗಟ್ಟಲೆ ಕೂತು ಮಾಡಿದ 'ಹಾಲೋ ನೈಟ್: ಸಿಲ್ಕ್‌ಸಾಂಗ್' 2025ರ ಸೆಪ್ಟೆಂಬರ್ 4ರಂದು 19.99 ಡಾಲರಿಗೆ ಬಂದಾಗ ಮುಗಿಬಿದ್ದವರ ನೂಕಿಗೆ ಆನ್‌ಲೈನ್ ಅಂಗಡಿಗಳೇ ಕುಸಿದು ಕೂತವು. ಕಾರ್ಖಾನೆ, ಲಾರಿ, ಗೋದಾಮು, ಅಂಗಡಿಯ ಪಾಲು ಎಲ್ಲ ಹೊತ್ತಿದ್ದರೆ ಅಂಥ ತಂಡ ಆ ಬೆಲೆಗೆ ಕೊಡಲು ಸಾಧ್ಯವಿತ್ತೇ ಎಂಬುದು ಅನುಮಾನ. ಸಣ್ಣವರ ಪಾಲಿಗೆ ಡಿಜಿಟಲ್ ಅಂಗಡಿ ತೆರೆದ ಬಾಗಿಲು. ನನ್ನ ತಕರಾರು ಡೌನ್‌ಲೋಡಿನ ಮೇಲಲ್ಲ, 4,999 ತೆಗೆದುಕೊಂಡು ಮರುಮಾರಾಟದ ಬಾಗಿಲನ್ನೂ ಹಾಕಿಕೊಳ್ಳುವವರ ಮೇಲೆ. ಮುಕ್ಕಾಲು ಬೆಲೆಗೆ ಕೊಟ್ಟು 'ಇದನ್ನು ಮಾರುವಂತಿಲ್ಲ' ಎಂದರೆ ಅದೊಂದು ವ್ಯಾಪಾರ. ಡಬ್ಬಿ, ತಟ್ಟೆ, ಸಾಗಣೆ ಎಲ್ಲ ಉಳಿಸಿಕೊಂಡು ಪೂರ್ತಿ ಬೆಲೆಗೇ ಕೊಡುತ್ತಾರಲ್ಲ, ಅದು ನನಗೆ ಒಗ್ಗದು.

ನಮ್ಮ ಹುಡುಗರು ಇದಕ್ಕೆ ತಮ್ಮದೇ ಮದ್ದು ಕಂಡುಕೊಂಡಿದ್ದಾರೆ. ಇಬ್ಬರು ಗೆಳೆಯರು ಅರ್ಧರ್ಧ ಹಾಕಿ ಒಂದು ಖಾತೆಯಲ್ಲಿ ಡಿಜಿಟಲ್ ಗೇಮ್ ಕೊಳ್ಳುತ್ತಾರೆ. ಒಬ್ಬನ ಯಂತ್ರದಲ್ಲಿ ಆ ಖಾತೆ ಪ್ರೈಮರಿ (ಮುಖ್ಯ ಖಾತೆ), ಇನ್ನೊಬ್ಬ ಅದೇ ಖಾತೆಯಿಂದ ಲಾಗಿನ್ ಆಗಿ ಆಡುತ್ತಾನೆ. ಅರ್ಧ ಬೆಲೆಗೆ ಗೇಮ್. ನಂಬಿಕಸ್ಥ ಗೆಳೆಯನ ಜೊತೆ ಇದು ನಡೆಯುತ್ತದೆ. ಆದರೆ ಇದನ್ನೇ ಅಪರಿಚಿತರು ವ್ಯಾಪಾರವಾಗಿ ನಡೆಸುವುದೂ ಇದೆ, ಅಲ್ಲಿ ಪಾಸ್‌ವರ್ಡ್ ಬದಲಾಯಿತೋ ದುಡ್ಡು ಹೋಯಿತು. ಕಂಪನಿಯ ನಿಯಮದ ಪ್ರಕಾರ ಖಾತೆ ಬಾಡಿಗೆಗೆ ಕೊಡುವುದೇ ತಪ್ಪು, ದೂರು ಕೊಡಲು ಹೋದರೆ ನಿಮ್ಮ ಖಾತೆಗೇ ಬೀಗ. ಎರಡನೇ ಗಿರಾಕಿಗೆ ನೇರ ದಾರಿ ಮುಚ್ಚಿದರೆ ಅವನು ಹೀಗೆ ಕಳ್ಳದಾರಿ ಹಿಡಿಯುತ್ತಾನೆ, ನಿಂತು ಹೋಗುವುದಿಲ್ಲ.

ಮುಂದಿನ ದೊಡ್ಡ ದಿನ ಎಂದು ಎಲ್ಲರೂ ಕಾಯುತ್ತಿರುವುದು ಜಿಟಿಎ 6 ಎಂಬ ಗೇಮಿಗೆ. 2025ರ ನವೆಂಬರ್‌ನಲ್ಲಿ ಮತ್ತೆ ಮುಂದೂಡಿದಾಗ ಅದರ ತಯಾರಕರಾದ ರಾಕ್‌ಸ್ಟಾರ್ ಕೊಟ್ಟ ದಿನಾಂಕ 2026ರ ನವೆಂಬರ್ 19. ಆ ಡಬ್ಬಿಯಾಗಲಿ, ಅದಕ್ಕೆ ಮೊದಲು ಬೇರೆ ಯಾವುದೇ ಆಗಲಿ, ಕೊಳ್ಳುವ ಮುನ್ನ ಹಿಂದೆ ಮುಂದೆ ತಿರುಗಿಸಿ ನೋಡಿ. ಸ್ವಿಚ್ 2ರ ಕೀ ಕಾರ್ಡ್ ಆಗಿದ್ದರೆ ಮುಂಭಾಗದ ಕೆಳ ಅಂಚಿನಲ್ಲೇ ಪಟ್ಟಿ ಹಾಕಿ ಹೇಳಿರುತ್ತಾರೆ. ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್ ಡಬ್ಬಿಗಳಲ್ಲಿ ಡೌನ್‌ಲೋಡ್ ಬೇಕು ಎಂಬ ಮಾತು ಸಣ್ಣ ಅಕ್ಷರದಲ್ಲಿ ಅಡಗಿರುತ್ತದೆ, ಕನ್ನಡಕ ಬೇಕಾದೀತು. ಆಮೇಲೆ ಅಂಗಡಿಯವರನ್ನು ಒಂದು ಮಾತು ಕೇಳಿ. ಮೆಜೆಸ್ಟಿಕ್ ಪಕ್ಕದ ನ್ಯಾಷನಲ್ ಮಾರ್ಕೆಟ್ಟಿನಲ್ಲಿ ನಾನು ಮೊದಲು ಕೇಳುವುದು ಬೆಲೆಯನ್ನಲ್ಲ. "ಅಣ್ಣಾ, ತಿಂಗಳೊಳಗೆ ವಾಪಸ್ ತಂದ್ರೆ ಎಷ್ಟಕ್ಕೆ ತಗೋತೀರ?" ಎಂದು ಕೇಳುತ್ತೇನೆ. ಅವರು ಡಬ್ಬಿ ತಿರುಗಿಸಿ, ಒಂದು ಕ್ಷಣ ಯೋಚಿಸಿ, ಒಂದು ಸಂಖ್ಯೆ ಹೇಳುತ್ತಾರೆ. ಚೌಕಾಸಿ ಅಲ್ಲಿಂದ ಶುರುವಾಗುತ್ತದೆ.